ಗೌರಿಯ ಕೂದಲಿಗೆ ಕರಿ ಮರಳು

ಅದಿರಿನ ಪುಡಿಯನ್ನು ಹರಿಯುವ ನೀರಿಗೆ ಬಿಟ್ಟರೆ ಯಾವ ಕಣ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಪರದೆಯ ಮೇಲಿನ ಕಪ್ಪು ಚುಕ್ಕೆಗಳು ಭಾರದ ಕಣಗಳು, ಬಿಳಿಯವು ಹಗುರ. ಅವು ಮೆಲ್ಲಗೆ ಇಳಿಯುವುದನ್ನು ನೋಡುತ್ತ ಕೂತರೆ ಕೆಲವೊಮ್ಮೆ ಲೆಕ್ಕವೇ ಮರೆತುಹೋಗುತ್ತದೆ. ಪರದೆ ಹಿತ್ತಾಳೆಯ ಹರಿವಾಣವಾಗುತ್ತದೆ. ಅದನ್ನು ಹಿಡಿದ ಎರಡು ಕೈ ಕಾಣುತ್ತವೆ. ಮುಖ ಕಾಣುವುದಿಲ್ಲ.

ಅವು ಅವ್ವನ ಕೈ. ನಾನು ತೀರ ಚಿಕ್ಕವನಿದ್ದಾಗಲೇ ಅವಳು ಹೋದಳು. ನನ್ನ ಬಳಿ ಉಳಿದಿರುವುದು ಇದೊಂದೇ ನೆನಪು. ಬೆಳಗೋಡಿನ ಹತ್ತಿರದ ನಮ್ಮ ಊರಿನಲ್ಲಿ ಗೌರಿ ಹಬ್ಬಕ್ಕೆ ಹಳ್ಳದ ಮರಳು ತಂದು ಗೌರಿ ಮಾಡುತ್ತೇವೆ. ಅವ್ವ ಹರಿವಾಣಕ್ಕೆ ಮರಳು ಹಾಕಿ, ನೀರು ತುಂಬಿ, ಅಕ್ಕಿ ಜಾಲಿಸುವ ಹಾಗೆ ತಿರುಗಿಸುತ್ತಾಳೆ. ಬಿಳಿ ಮರಳು ನೀರಿನ ಜೊತೆ ಹೊರಟುಹೋಗುತ್ತದೆ. ಕೊನೆಗೆ ಅಂಚಿನಲ್ಲಿ ಬಿದಿಗೆಯ ಚಂದ್ರನಂಥ ಕಪ್ಪು ಗೆರೆಯೊಂದು ಉಳಿಯುತ್ತದೆ. ಅದು ಗೌರಿಯ ಕೂದಲಿಗೆ.

ಇದನ್ನು ನಾನು ಕಂಡಿದ್ದೇನೆಯೇ? ಅಥವಾ ದಿನವೂ ಕಪ್ಪು ಬಿಳಿ ಚುಕ್ಕೆ ನೋಡಿ ನೋಡಿ ಕಟ್ಟಿಕೊಂಡೆನೇ? ನನ್ನ ಕಂಪ್ಯೂಟರ್ ಮಾದರಿಗಳಲ್ಲಿ ಒಂದು ಹಳೆಯ ಪೀಡೆ ಇದೆ. ಸಣ್ಣದಾದರೂ ಭಾರವಾದ ಕಣ, ದೊಡ್ಡದಾದರೂ ಹಗುರವಾದ ಕಣ, ಎರಡೂ ನೀರಿನಲ್ಲಿ ಒಂದೇ ವೇಗದಲ್ಲಿ ಇಳಿದು ಒಂದೇ ಕಡೆ ಕೂತುಬಿಡಬಲ್ಲವು. ಒಮ್ಮೆ ಕೂತ ಮೇಲೆ ನೀರು ಅವನ್ನು ಬೇರೆ ಮಾಡಲಾರದು. ಕಂಡದ್ದೂ ಕೇಳಿದ್ದೂ ನನ್ನೊಳಗೆ ಹಾಗೆ ಕೂತಿರಬಹುದು.

ಅವ್ವನ ತಂಗಿ, ನನ್ನ ಚಿಕ್ಕಮ್ಮ, ಊರಲ್ಲೇ ಇದ್ದಾಳೆ. ಫೋನಿನಲ್ಲಿ ಕೇಳಿದೆ.

"ಕರಿ ಮರಳಿನ ಕೂದ್ಲಾ? ನಾ ಕಾಣೆನಪ್ಪ. ನಮ್ಮನೇಲಿ ಗೌರಿಗೆ ಕಾಡಿಗೆ ಹಚ್ತಿದ್ದಿದ್ದು," ಎಂದಳು.

ನಾನೇ ಮಾಡಿ ನೋಡಿಬಿಡಬೇಕು ಅನ್ನಿಸಿತು. ಹಬ್ಬದ ಹಿಂದಿನ ದಿನ ಬಾಳ್ಳುಪೇಟೆಯಲ್ಲಿ ಇಳಿದು, ಬೆಳಗೋಡಿನ ಬಸ್ಸು ಹತ್ತಿ ಊರಿಗೆ ಬಂದೆ.

ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಜೊತೆ ಹೋದಾಗ ಹಳ್ಳ ತಿಳಿಯಾಗಿತ್ತು. ಕಾಫಿ ತೋಟದ ಸಿಲ್ವರ್ ಮರಗಳ ನಡುವಿನಿಂದ ಎಳೆಬಿಸಿಲು ನೀರಿಗೆ ಬಿದ್ದು, ತಳದಲ್ಲಿ ನಿಧಾನವಾಗಿ ತೂಗುತ್ತಿತ್ತು. ಹರಿವಾಣಕ್ಕೆ ಮರಳು ತುಂಬಿ ತಿರುಗಿಸಿದೆ. ಕಪ್ಪು ಬಿಳಿ ಎಲ್ಲ ಒಂದಾಗಿ ಬೂದಿಯ ಬಣ್ಣಕ್ಕೆ ತಿರುಗಿತೇ ಹೊರತು ಗೆರೆ ಮೂಡಲಿಲ್ಲ. ಮತ್ತೆ ತಿರುಗಿಸಿದೆ. ಇಲ್ಲ.

"ಅಷ್ಟ್ ಓದ್ಬುಟ್ಟು ಮರಳು ತೊಳಿಯಾಕೆ ಬಂದ್ಯೇನೋ," ಚಿಕ್ಕಮ್ಮ ಬಂಡೆಯ ಮೇಲಿಂದ ನಕ್ಕಳು. "ಏನಂತೈತೆ ನಿನ್ ಕಂಪ್ಯೂಟ್ರು?"

"ಮೊದ್ಲು ಸೋಸು ಅಂತದೆ. ದಪ್ಪ ಮರಳು ಸೇರ್ಕಂಡ್ರೆ ಕರೀದು ಬೇರೆ ಆಗಲ್ಲ ಚಿಕ್ಕಮ್ಮ."

"ಅಯ್ಯೋ, ತಗಾ ಮತ್ತೆ." ಹೂವಿನ ಬುಟ್ಟಿಗೆ ಮುಚ್ಚಿ ತಂದಿದ್ದ ಹಳೆಯ ಸೊಳ್ಳೆಪರದೆಯ ತುಂಡನ್ನು ಎಸೆದಳು.

ಅದನ್ನು ಹರಿವಾಣದ ಮೇಲೆ ಹರಡಿ, ಬೊಗಸೆ ಮರಳು ಸುರಿದು, ನೀರು ಹಾಕಿ ಅಲುಗಾಡಿಸಿದೆ. ನುಣುಪು ಮರಳು ಕೆಳಗೆ ಇಳಿಯತೊಡಗಿತು. ನೀರಿನ ಸದ್ದಿನಲ್ಲಿ ನನಗೆ ಅರೆನಿದ್ದೆಯ ಹಾಗಿತ್ತು.

"ಅದ್ಯಾಕೋ ಆ ಮೂಲೆನ ಹಂಗೆ ಹಿಂಡಿ ಹಿಡ್ಕಂಡಿದ್ದೀಯ?" ಎಂದಳು ಚಿಕ್ಕಮ್ಮ. "ತೂತೇನೂ ಇಲ್ವಲ್ಲ ಅಲ್ಲಿ."

ನೋಡಿದೆ. ನನ್ನ ಎಡಗೈಯ ಎರಡು ಬೆರಳು ಪರದೆಯ ಒಂದು ಕಡೆಯನ್ನು ಮಡಿಕೆ ಮಾಡಿ ಬಿಗಿಯಾಗಿ ಹಿಡಿದಿದ್ದವು. ಯಾಕೆಂದು ನನಗೂ ತಿಳಿಯಲಿಲ್ಲ.

ಚಿಕ್ಕಮ್ಮ ಬಂಡೆಯಿಂದಿಳಿದು ನೀರಿಗೆ ಬಂದಳು. ಬಗ್ಗಿ ನನ್ನ ಬೆರಳುಗಳನ್ನು ನೋಡಿದಳು.

"ತೂತಿದ್ದಿದ್ದು ಅಕ್ಕನ್ ಪರದೇಲಿ ಕಣೋ. ಬುಡ್ಡಿ ದೀಪ ತಗುಲಿ ಸುಟ್ಟೋಗಿತ್ತು. ಹಿಂಗೇ ಮಡಚಿ ಹಿಡ್ಕಂಡು ಏನೋ ಸೋಸೋಳು, ಈ ಹಳ್ಳದಾಗೇ. ಏನು ಅಂತ ನಂಗೆ ಮರ್ತೋಗೈತೆ." ಆಮೇಲೆ ದನಿ ತಗ್ಗಿಸಿ, "ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

ನನ್ನ ಅನುಮಾನದ ಬುದ್ಧಿ ಸುಮ್ಮನಿರುವುದಿಲ್ಲ. ನನ್ನ ಕೈ ನೋಡಿಯೇ ಚಿಕ್ಕಮ್ಮ ಆ ತೂತನ್ನು ಕಲ್ಪಿಸಿಕೊಂಡಿರಬಾರದೇಕೆ ಎಂದು ಅಲ್ಲಿಯೇ ಕೇಳಿತು. ಆದರೆ ಅವಳು ಬಾಯಿ ಬಿಡುವ ಮೊದಲೇ ನನ್ನ ಬೆರಳು ಮಡಚಿದ್ದವು. ಮೊದಲು ಸೋಸಬೇಕೆಂದು ನನಗೆ ಮಾದರಿ ಕಲಿಸಿರಬಹುದು. ಆದರೆ ನನ್ನ ಮಾದರಿಯ ಯಾವ ಜರಡಿಯಲ್ಲೂ ಸುಟ್ಟ ತೂತಿಲ್ಲ.

ಪರದೆ ತೆಗೆದಿಟ್ಟು ಹರಿವಾಣವನ್ನು ಓರೆ ಮಾಡಿ ತಿರುಗಿಸಿದೆ. ಬಿಳಿ ಮರಳು ಹೊರಳಿ ಹೊರಳಿ ಹಳ್ಳಕ್ಕೆ ಮರಳಿತು. ಅಂಚಿನಲ್ಲಿ ಕಪ್ಪು ಗೆರೆ ನಿಂತಿತು, ತೆಳ್ಳಗೆ, ಬಾಗಿ.

ಅಷ್ಟರಲ್ಲಿ ಚಿಕ್ಕಮ್ಮ ದಡಕ್ಕೆ ಹೋಗಿ ಒದ್ದೆ ಮರಳಿನ ಗೌರಿಯನ್ನು ಕೂರಿಸಿದ್ದಳು. ಕಾಡಿಗೆಯ ಡಬ್ಬಿ ತೆರೆಯದೆ ಸೆರಗಿಗೆ ಕಟ್ಟಿಕೊಂಡಳು. ಒಂದು ಗರಿಕೆ ಕಿತ್ತು ನನ್ನ ಕೈಗೆ ಕೊಟ್ಟಳು.

"ಕೂದ್ಲು ನೀನೇ ಇಡು. ಬೈತಲೆ ನೆಟ್ಟಗೆ ತೆಗಿ ಮಾರಾಯ, ಅಕ್ಕಂಗೆ ಸೊಟ್ಟ ಇದ್ರೆ ಆಗ್ತಿರ್ಲಿಲ್ಲ."