ಹಾಡು ಇನ್ನೂ ಸುರುವಾಗಿಲ್ಲ

ಇವತ್ತು ಬೆಳಿಗ್ಗೆ ಮೆಂತ್ಯೆ ಸೊಪ್ಪು ಬಿಡಿಸುತ್ತ, ಫೋನಿನಲ್ಲಿ ನನ್ನ ಇಷ್ಟದ ಗಿಟಾರು ಹಚ್ಚಿಕೊಂಡು ಕೂತಿದ್ದೆ. ಪಕ್ಕದ ಮನೆಯ ನಿರ್ಮಲಾ ಬಾಗಿಲಲ್ಲೇ ನಿಂತು, “ಅಕ್ಕಾರ, ಬಾತ್‌ರೂಮಿನ ಕೆಲಸ ಹಿಡದೀರೇನ್ರಿ? ಫರಸಿ ಒಡಿಯೋ ಸಪ್ಪಳ ಬರಾಕತ್ತೈತಿ” ಎಂದಳು. ನಕ್ಕುಬಿಟ್ಟೆ. ಹಾವೇರಿಯಲ್ಲಿ ಮನೆ ಮಾಡಿ ಇಷ್ಟು ವರ್ಷವಾಯಿತು, ನನ್ನ ಸಂಗೀತವನ್ನು ಸಂಗೀತ ಎಂದು ಒಪ್ಪಿದವರು ಈ ಓಣಿಯಲ್ಲಿ ಒಬ್ಬರೂ ಇಲ್ಲ. ಇದಕ್ಕೆ ಪ್ರೊಗ್ರೆಸಿವ್ ಮೆಟಲ್ ಎಂಬ ಘನವಾದ ಹೆಸರಿದೆ ಎಂದು ನನಗೇ ಗೊತ್ತಾದದ್ದು ತೀರ ಈಚೆಗೆ. ಹುಡುಗಿಯಾಗಿದ್ದಾಗ ಅದು ಬರೀ ‘ಗಿಟಾರಿನ ಕ್ಯಾಸೆಟ್ಟು’.

ನೀವು ಕೇಳಿಲ್ಲದಿದ್ದರೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಕೇಳುವ ತರಹದ್ದರಲ್ಲಿ ಹಾಡುವವರೇ ಇರುವುದಿಲ್ಲ. ಗಿಟಾರು, ಕೀಬೋರ್ಡು, ಡ್ರಮ್ಮು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ. ತಾಳ ಏಳಕ್ಕೆ ಹೋಗಿ, ಐದಕ್ಕೆ ಇಳಿದು, ಕಾಲು ಕುಟ್ಟಲು ಹೋದವರನ್ನು ಎಡವಿ ಬೀಳಿಸುತ್ತದೆ. ಜೊತೆಗೆ ಫ್ಯೂಷನ್ನೂ ಕೇಳುತ್ತೇನೆ; ಅದೆಂದರೆ ಇದೇ ಗಿಟಾರಿನ ಮಗ್ಗುಲಿಗೆ ತಬಲಾ, ಪಿಟೀಲು ಬಂದು ಕೂತು ಜಗಳಕ್ಕೆ ಬಿದ್ದಂತೆ. ಕೊನೆಗೆ ರಾಜಿಯಾಗುತ್ತಾರೆ ಅನ್ನಿ. ಸರಿಗಮ ಗೊತ್ತಿಲ್ಲದ ನನಗೆ ಈ ಹುಚ್ಚು ಹತ್ತಿದ್ದು ಕುಮಾರಪಟ್ಟಣದ ಕಾರ್ಖಾನೆ ಕಾಲೊನಿಯಲ್ಲಿ. ಅಪ್ಪನ ನೌಕರಿ ಅಲ್ಲಿತ್ತು. ಎಲ್ಲೆಲ್ಲಿಂದಲೋ ಬಂದ ಎಂಜಿನಿಯರುಗಳ ಹತ್ತಿರ ಅಣ್ಣ ಕ್ಯಾಸೆಟ್ಟು ಕಾಡಿ ಬೇಡಿ ತಂದು, ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದ. ನಕಲಿನ ನಕಲು. ಸಂಗೀತದ ಹಿಂದೆ ಸದಾ ಒಗ್ಗರಣೆ ಚುರುಗುಟ್ಟಿದ ಸದ್ದು. ಎಷ್ಟೋ ವರ್ಷದ ಮೇಲೆ ಚೊಕ್ಕ ರೆಕಾರ್ಡಿಂಗು ಕೇಳಿದಾಗ, ಏನೋ ಕಮ್ಮಿಯಾಗಿದೆ ಅನ್ನಿಸಿತ್ತು ನನಗೆ!

ತೊಂಬತ್ತರ ದಶಕದ ನಡುವೆ ನನ್ನನ್ನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಗೆ ಕೊಟ್ಟರು. ಸುಗ್ಗಿಯಲ್ಲಿ ಆ ಊರಿಗೆ ಊರೇ ಕೆಮ್ಮುತ್ತದೆ; ಹೊಸ ಸೊಸೆ ಕಣ್ಣೀರು ಹಾಕಿದರೆ ತವರಿನ ನೆನಪೋ ಘಾಟೋ ಎಂದು ಯಾರೂ ವಿಚಾರಿಸುವುದಿಲ್ಲ. ಅಣ್ಣ ಕೊಟ್ಟ ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟುಗಳನ್ನೂ ಟ್ರಂಕಿನಲ್ಲಿ ಸೀರೆಗಳ ನಡುವೆ ಮಲಗಿಸಿ ತಂದಿದ್ದೆ.

ಮದುವೆಯಾಗಿ ಮೂರು ತಿಂಗಳೂ ತುಂಬಿರಲಿಲ್ಲ, ಮಾವನವರು ತೀರಿಕೊಂಡರು. ಅಂಗಡಿಯಿಂದ ಬಂದು, ನೀರು ಕೇಳಿ, ಕುಡಿಯುವ ಮೊದಲೇ ಹೋದರು. ಅವರ ತಂಗಿ ಗಂಗವ್ವ ರಾಣೆಬೆನ್ನೂರಿನಿಂದ ಬಂದವರೇ ಅಡಿಗೆಮನೆಯ ಬಾಗಿಲಲ್ಲಿ ಕುಸಿದು ಕೂತು, “ಎಂಥಾ ಕಾಲ್ಗುಣದಾಕಿನ್ನ ತಂದ್ರಿ” ಎಂದುಬಿಟ್ಟರು. ನಾನು ಒಳಗೇ ಇದ್ದೆ. ಈಗ ಅವರ ಮೇಲೆ ನನಗೆ ಸಿಟ್ಟಿಲ್ಲ. ಎತ್ತಿ ಆಡಿಸಿದ ಅಣ್ಣ ಹೋದಾಗ ಯಾರನ್ನಾದರೂ ಬೈಯಬೇಕು ಅನ್ನಿಸುತ್ತದೆ; ದೇವರನ್ನು ಬೈಯಲು ಭಯ, ಮನೆಯಲ್ಲಿ ಹೊಸಬಳು ನಾನೊಬ್ಬಳೇ. ಆದರೆ ಅವತ್ತು ಎದೆ ಒಡೆದಿತ್ತು. ಅದಕ್ಕಿಂತ ಹೆಚ್ಚು ಹೆದರಿದ್ದು ಅತ್ತೆಯನ್ನು ನೋಡಿ. ಅವರು ಮಾತೇ ಬಿಟ್ಟಿದ್ದರು. ಬೇಕು ಬೇಡ ಎಲ್ಲ ಕೈಸನ್ನೆ. ನಾನು ತಾಟು ಇಟ್ಟರೆ ಎರಡು ತುತ್ತು ಉಂಡು ಸರಿಸುತ್ತಿದ್ದರು. ಇವರೂ ನನ್ನ ಕಾಲ್ಗುಣವೇ ಕಾರಣ ಅಂದುಕೊಂಡಿದ್ದಾರಾ? ಈ ಒಂದು ಪ್ರಶ್ನೆ ಹೊತ್ತುಕೊಂಡು ಮನೆ ತುಂಬ ತಿರುಗುತ್ತಿದ್ದೆ. ಕೇಳಲು ಬಾಯಿ ಬರುತ್ತಿರಲಿಲ್ಲ; ಗಂಡನಿಗೋ ಅಂಗಡಿಯ ಭಾರ ಬಿದ್ದು ಮನೆಯಲ್ಲಿ ನಿಲ್ಲುವ ಪುರುಸೊತ್ತಿರಲಿಲ್ಲ.

ಸಾವಾದ ಮನೆ, ವರ್ಷದ ಕಾರ್ಯ ಮುಗಿಯುವ ತನಕ ಹಾಡು ಇಲ್ಲ. ಮಾವನವರ ರೇಡಿಯೋಕ್ಕೆ ಟವೆಲು ಹೊದಿಸಿಟ್ಟಿದ್ದರು. ಒಂದು ಮಧ್ಯಾಹ್ನ ತಡೆಯಲಾಗದೆ ಮಾಳಿಗೆಯ ಕೋಣೆಯಲ್ಲಿ, ಸಣ್ಣ ದನಿಯಲ್ಲಿ, ಗಿಟಾರು ಹಚ್ಚಿದೆ. ಅಣ್ಣನ ವರ್ಷದ ಕಾರ್ಯದ ತನಕ ಇಲ್ಲೇ ಉಳಿದಿದ್ದ ಗಂಗವ್ವನ ಕಿವಿಗೆ ಬಿತ್ತು. ನೋಡಿ ಗಮ್ಮತ್ತು, ಅವರು ಹೇಳಿ ಕಳಿಸಿದ್ದಕ್ಕೆ ಸಂಜೆಗೆ ಮೋಟೆಬೆನ್ನೂರಿನಿಂದ ದೊಡ್ಡಪ್ಪನವರೇ ಬಂದರು. ಮಾವನವರ ಅಣ್ಣ, ಮನೆಯ ಪಂಚಾಯಿತಿಯೆಲ್ಲ ಅವರದೇ. ಪಡಸಾಲೆಯಲ್ಲಿ ಕೂತು, ಟೊಪ್ಪಿಗೆ ತೆಗೆದಿಟ್ಟು, “ಹಚ್ಚವಾ, ನಾನೂ ಕೇಳ್ತೇನಿ” ಎಂದರು.

ಕ್ಯಾಸೆಟ್ಟು ಮೊದಲಿಗೆ ಸುತ್ತಿ ಹಚ್ಚಿದೆ. ಗಿಟಾರು ಗುಡುಗಿತು. ದೊಡ್ಡಪ್ಪ ಕಣ್ಣು ಮುಚ್ಚಿ ಕಾದರು. ಗಂಗವ್ವ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಚಹಾ ಬಂತು.

“ಹಾಡು ಸುರು ಆತೇನು?” ದೊಡ್ಡಪ್ಪ ಕೇಳಿದರು.

“ಇಲ್ರಿ.”

ಚಹಾ ಮುಗಿಯಿತು. ಡ್ರಮ್ಮಿನವನು ಮೈಮೇಲೆ ಬಂದವನಂತೆ ಬಾರಿಸಿದ. ದೊಡ್ಡಪ್ಪ ಒಂದು ಕಣ್ಣು ತೆರೆದು, “ಈಗ ಸುರು ಆಗ್ತೈತಿ ನೋಡು” ಎಂದು ಮತ್ತೆ ಮುಚ್ಚಿದರು. ಕೊನೆಗೆ ಟಕ್ಕೆಂದು ಕ್ಯಾಸೆಟ್ಟು ನಿಂತಿತು.

“ಮುಗೀತಾ? ಹಾಡೆಲ್ಲಿ?”

“ಹಾಡು ಇರೂದಿಲ್ರಿ ಇದರಾಗ. ಇರೂದ ಇಷ್ಟ.”

“ತಿರುವಿ ಹಚ್ಚು. ಆ ಕಡೆ ಇದ್ದೀತು.”

ಆ ಕಡೆಯೂ ಇರಲಿಲ್ಲ ಎಂದು ನಿಮಗೆ ಬೇರೆ ಹೇಳಬೇಕೇ? ಪೂರ್ತಿ ಕೇಳಿ ಎದ್ದವರು ಮೊಣಕಾಲು ತಿಕ್ಕಿಕೊಳ್ಳುತ್ತ, “ಗಂಗಾ, ಹಾಡ ಇಲ್ಲಂದಮ್ಯಾಲ ತಕರಾರು ಏನದು? ಗಿರಣಿ ಸಪ್ಪಳ ಕೇಳಿದ್ರ ತಪ್ಪೇನು?” ಎಂದರು. ನನಗೆ ಮಾತ್ರ, “ನಡುವ ಎಲ್ಲೆರ ಹಾಡು ಬಂತಂದ್ರ ಲಗೂನ ಬಂದ್ ಮಾಡವಾ” ಎಂದು ತಾಕೀತು ಮಾಡಿ ಹೋದರು.

ಮರುದಿನ ಅತ್ತೆ ಕೈಸನ್ನೆಯಲ್ಲಿ ಟೇಪ್ ರೆಕಾರ್ಡರನ್ನು ಕೆಳಗೆ ತರಿಸಿದರು. ಪಡಸಾಲೆಗೆ ಹತ್ತಿದ ಕೋಣೆಯಲ್ಲಿ ತಮ್ಮ ಹಾಸಿಗೆಯ ಪಕ್ಕ ಇಟ್ಟುಕೊಂಡರು. ನಂಬಲಾಗಲಿಲ್ಲ. ಹೊರಗೆ ಸಮಾಧಾನ ಹೇಳಿ ಮಾತಾಡಿಸಲು ಬರುವವರು ಮುಗಿಯುತ್ತಲೇ ಇರಲಿಲ್ಲ. ಗಂಗವ್ವ ಅವರೊಂದಿಗೆ ಕೂತು ಅಣ್ಣನ ಕಡೆಗಾಲದ ಕಥೆ ಹೇಳುತ್ತಿದ್ದರು. ಒಳಗೆ ಅತ್ತೆ ಗೋಡೆಗೆ ಒರಗಿ ಗಿಟಾರು ಕೇಳುತ್ತಿದ್ದರು. ಒಮ್ಮೊಮ್ಮೆ ತಾವೇ ಕೈ ಚಾಚಿ ದನಿ ಏರಿಸುತ್ತಿದ್ದರು. ಆಹಾ, ರುಚಿ ಹತ್ತಿತು ಎಂದು ನಾನು ಬೀಗಿದೆ. ತವರಿನಲ್ಲಿದ್ದ ನನ್ನ ಅಣ್ಣನಿಗೆ ಹೇಳಿ ಕಳಿಸಿ ಇನ್ನಷ್ಟು ಕ್ಯಾಸೆಟ್ಟು ತರಿಸಿದೆ. ಯಾವುದು ಏಳರ ತಾಳ, ಎಲ್ಲಿ ತಬಲಾ ಸೇರುತ್ತದೆ ಎಂದು ಮಾಸ್ತರಿಕೆಯನ್ನೂ ಮಾಡಿದೆ. ಅವರು ಕೇಳಿಸಿಕೊಂಡಂತೆ ತಲೆ ಆಡಿಸುತ್ತಿದ್ದರು. ಮಾತು ಮಾತ್ರ ಇಲ್ಲ. ನನ್ನ ಪ್ರಶ್ನೆ ಅಲ್ಲೇ ಇತ್ತು.

ವರ್ಷದ ಕಾರ್ಯ ಮುಗಿಯಿತು. ಗಂಗವ್ವ ಊರಿಗೆ ಹೋದರು. ಮನೆ ಬಣಗುಟ್ಟುತ್ತಿತ್ತು. ಮಾವನವರ ರೇಡಿಯೋದ ಟವೆಲು ತೆಗೆದು ಅತ್ತೆಯ ಮುಂದೆ ಇಟ್ಟು, “ಇನ್ನ ಹಾಡು ಕೇಳಬಹುದಲ್ರಿ ಅತ್ತಿ. ಹಚ್ಚಲೇನು?” ಎಂದೆ.

“ಬ್ಯಾಡ ಬಿಡವಾ,” ಎಂದರು. ಇಡೀ ವರ್ಷದ ಮೇಲೆ ಆ ದನಿ ಕೇಳಿ ನಾನು ಅಲ್ಲೇ ಕೂತುಬಿಟ್ಟೆ. “ಮಾತು ಭಾಳ ಕೇಳೇನಿ. ಬಂದವರ ಮುಂದ ಗಂಗಾ ಬ್ಯಾರೆ ಏನೂ ಹೇಳ್ತಿದ್ದಿಲ್ಲ. ನಿನ್ನ ಕಾಲ್ಗುಣದ್ದ ಮಾತು.”

ನಾನು ಕೈಯಲ್ಲಿದ್ದ ಟವೆಲನ್ನು ಮಡಿಚತೊಡಗಿದೆ.

“ಅಂಥಾ ಮಾತು ಯಾರೂ ಒದರಿ ಆಡೂದಿಲ್ಲ, ಸಣ್ಣ ದನೀಲೇನ ಆಡ್ತಾರ. ಬ್ಯಾಡ ಅಂತ ಹೇಳೂ ತ್ರಾಣ ನನ್ನ ಕಡೆ ಇದ್ದಿಲ್ಲ, ತಂಗಿ. ಅದಕ್ಕ ಅವರು ಸುರು ಮಾಡಿದ ಕೂಡಲೆ ನಿನ್ನ ಗಿಟಾರು ದೊಡ್ಡದ ಮಾಡ್ತಿದ್ದೆ. ನೀ ಅಡಿಗೀಮನ್ಯಾಗ ಇರ್ತಿದ್ದಿ. ನಿನಗ ಕೇಳಬಾರದು ಅಂತ.”

ಅವರ ಮಡಿಲಲ್ಲಿ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅವರೂ ಅತ್ತರು, ಗಂಡ ಹೋದಮೇಲೆ ಮೊದಲ ಸಲ. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, “ಅಂದ್ರ ನಿಮಗ ಈ ಗಿಟಾರು ಸೇರ್ತಿದ್ದಿಲ್ಲೇನ್ರಿ?” ಎಂದು ಕೇಳಿದೆ. ಮಾಸ್ತರಿಕೆ ಎಲ್ಲಿ ಬಿಡುತ್ತದೆ!

“ತಲಿ ಸಿಡೀತಿತ್ತವಾ. ದಿನಾ ಗುಳಿಗಿ ನುಂಗ್ತಿದ್ದೆ.”

ಅತ್ತೆ ಹೋಗಿ ಈಗ ಬಹಳ ವರ್ಷವಾಯಿತು. ನಿರ್ಮಲಾಳಿಗೆ ಇವತ್ತು ಇದೆಲ್ಲ ಹೇಳಿದೆ. ಅವಳು ಒಳಗೆ ಬಂದು ಕೂತು, ಸೊಪ್ಪು ಬಿಡಿಸುತ್ತ ಕೇಳಿದಳು. ಆಮೇಲೆ ಎದ್ದು ಹೋಗುವಾಗ, “ಸಪ್ಪಳ ಕಮ್ಮಿ ಮಾಡಬ್ಯಾಡ್ರಿ ಅಕ್ಕಾರ, ಇರ್ಲಿ” ಎಂದಳು. ನಾನೇ ಬಂದ್ ಮಾಡಿದೆ. ಇಷ್ಟು ಒಳ್ಳೆಯ ಸಂಗೀತ, ಕಣ್ಣೀರು ಬಂದರೆ ಸರಿಯಾಗಿ ಕೇಳಿಸುವುದಿಲ್ಲ ನೋಡಿ.