ಇಮೆಲ್ಡಾ ಟೀಚರ ತಲೆಯೊಳಗಿನ ನೀರು

ಅಜೆಕಾರಿನಲ್ಲಿ ನಲವತ್ತು ದಾಟಿದ ಯಾರನ್ನು ಬೇಕಾದರೂ ಕೇಳಿ, ಇಮೆಲ್ಡಾ ಟೀಚರ ವಿಸಿಲಿಗೆ ಹೆದರದವರು ಸಿಗುವುದಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಕಾಲೆಳೆದು ನಡೆಯುವ ಮಕ್ಕಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನನ್ನನ್ನೂ ಆ ಕಾರಣಕ್ಕೆ ಮೈದಾನದ ಸುತ್ತ ನಾಲ್ಕು ಸಲ ಓಡಿಸಿದ್ದಾರೆ. ಹಾಗಾಗಿ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರೇ ಚಪ್ಪಲಿ ಎಳೆಯತೊಡಗಿದಾಗ ಹಳೆಯ ವಿದ್ಯಾರ್ಥಿಗಳಿಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು ಎಂದರೆ ಸುಳ್ಳಲ್ಲ.

ಎಲ್ಲರಿಗಿಂತ ಹೆಚ್ಚು ತಮಾಷೆ ಮಾಡಿದವರು ಗಂಡ ಲೂಯಿಸ್. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವರಿಗೆ ಹೆಂಡತಿಯನ್ನು ಕೆಣಕುವುದು ಬೆಳಗಿನ ಚಹಾದಷ್ಟೇ ರೂಢಿ. ಒಂದು ಭಾನುವಾರ ಇಗರ್ಜಿಯ ಬಾಗಿಲಲ್ಲಿ ಟೀಚರ ಪಾದಗಳು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟವು. ಹಿಂದೆ ಜನ ಸಾಲುಗಟ್ಟಿದರು. ಅಟೆನ್ಶನ್ ಹೇಳಿದವಳಿಗೆ ಸ್ಟ್ಯಾಂಡ್ ಅಟ್ ಈಸ್ ಮರೆತುಹೋಗಿದೆ ಎಂದು ಲೂಯಿಸ್ ಆ ಜನಕ್ಕೆಲ್ಲ ವಿವರಣೆ ಕೊಟ್ಟರು.

ಟೀಚರು ಮಂಡಿ ಸವೆದಿದೆ ಎಂದರು. ಪರಿಚಯದ ಡಾಕ್ಟರು ಪ್ರಾಯವಾಯಿತು ಎಂದರು. ಎಣ್ಣೆ ತಿಕ್ಕಿದ್ದಾಯಿತು, ಗುಣವಾಗಲಿಲ್ಲ. ಆಮೇಲೆ ಸೇರಿಕೊಂಡ ಎರಡನೆಯ ತೊಂದರೆಯನ್ನು ಅವರು ಯಾರಿಗೂ ಹೇಳಲಿಲ್ಲ. ಮೂತ್ರ ಬಂತೆಂದರೆ ತಡೆಯಲು ಆಗುತ್ತಿರಲಿಲ್ಲ. ಕಾರ್ಕಳದ ಬಸ್ಸು ಹತ್ತುವುದನ್ನೇ ಬಿಟ್ಟು, ಈಗಿನ ಡ್ರೈವರುಗಳಿಗೆ ಶಿಸ್ತಿಲ್ಲ ಎಂದು ಕಾರಣ ಕೊಟ್ಟರು. ಮೂರನೆಯದು ಮರೆವು. ಒಂದೇ ಮೀನುಸಾರಿಗೆ ಎರಡು ಸಲ ಉಪ್ಪು ಬಿತ್ತು. ಲೂಯಿಸ್ ಉಂಡರು, ಸಮುದ್ರದ ಮೀನನ್ನು ಸಮುದ್ರದಲ್ಲೇ ಬೇಯಿಸಿದ್ದಾಳೆ ಎಂದರು.

ಆದರೆ ಒಂದು ಬೆಳಿಗ್ಗೆ, ಒಲೆಯ ಕಡೆಯಿಂದ ಬಾಗಿಲ ಕಡೆ ತಿರುಗಲು ಟೀಚರು ಒಂಬತ್ತು ಪುಟ್ಟ ಹೆಜ್ಜೆ ಇಡುವುದನ್ನು ಲೂಯಿಸ್ ಎಣಿಸಿದರು. ಅಲ್ಲಿಗೆ ಅವರ ತಮಾಷೆ ನಿಂತಿತು. ಟೀಚರಿಗೆ ನಿಜವಾಗಿ ಭಯ ಹುಟ್ಟಿದ್ದು ಆಗಲೇ.

"ಲೂಯಿಸ್, ಮೂರು ದಿನ ಆಯಿತು, ಒಂದು ತಮಾಷೆ ಇಲ್ಲ. ನಾನು ಸಾಯ್ತೇನಾ?" ಎಂದು ಕೇಳಿದರು.

ಲೂಯಿಸ್ ಮಸ್ಕತ್ತಿನಲ್ಲಿ ನರ್ಸ್ ಆಗಿರುವ ಮಗಳು ಸ್ಯಾಂಡ್ರಾಗೆ ವೀಡಿಯೋ ಕಾಲ್ ಮಾಡಿದರು. ಅವಳು ತಾಯಿಯನ್ನು ಅತ್ತಿತ್ತ ನಡೆಸಿ ನೋಡಿ, ಮೂತ್ರದ ಬಗ್ಗೆ ಯಾರೂ ಕೇಳದಿದ್ದ ಪ್ರಶ್ನೆ ಕೇಳಿದಳು. ಟೀಚರು ಸಿಟ್ಟಾಗಿ, ನಾಚಿ, ಕೊನೆಗೆ ಹೌದೆಂದು ಒಪ್ಪಿದರು. ನಡಿಗೆ, ಮೂತ್ರ, ಮರೆವು ಮೂರೂ ಒಟ್ಟಿಗೆ ಬಂದರೆ ಪ್ರಾಯ ಎಂದು ಸುಮ್ಮನೆ ಬಿಡಬಾರದು, ತಲೆಯ ಸ್ಕ್ಯಾನ್ ಮಾಡಿಸಿ ಎಂದಳು.

ಮಣಿಪಾಲದಲ್ಲಿ ಎಂ.ಆರ್.ಐ. ಆಯಿತು. ಡಾಕ್ಟರ್ ನವ್ಯಶ್ರೀ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. "ಎಲ್ಲರ ಮೆದುಳಿನೊಳಗೂ ನೀರಿನ ಕೋಣೆಗಳು ಉಂಟು. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸ ನೀರು ಹುಟ್ಟುತ್ತದೆ, ಅಷ್ಟೇ ರಕ್ತಕ್ಕೆ ಸೇರಿ ಹೋಗುತ್ತದೆ. ಟೀಚರಿಗೆ ಅದು ಸರಿಯಾಗಿ ಹೋಗ್ತಾ ಇಲ್ಲ. ಕೋಣೆಗಳು ಹಿಗ್ಗಿವೆ." ಇದಕ್ಕೆ ಹೈಡ್ರೋಸೆಫಲಸ್ ಎನ್ನುತ್ತಾರೆ, ಶಿಶುಗಳಿಗೆ ಬಂದರೆ ತಲೆಯೇ ದೊಡ್ಡದಾಗುತ್ತದೆ, ದೊಡ್ಡವರ ಬುರುಡೆ ಹಿಗ್ಗುವುದಿಲ್ಲವಾದ್ದರಿಂದ ಹೊರಗೆ ಗೊತ್ತಾಗುವುದಿಲ್ಲ ಎಂದೂ ತಿಳಿಸಿದರು.

ಲೂಯಿಸ್ ಚಿತ್ರವನ್ನು ಬಹಳ ಹೊತ್ತು ನೋಡಿದರು. "ನಲವತ್ತೈದು ವರ್ಷದಿಂದ ಇದರೊಳಗೆ ಎಂತ ಉಂಟು ಅಂತ ಯೋಚಿಸ್ತಾ ಇದ್ದೆ" ಎಂದರು.

ಟೀಚರಿಗೆ ಹೋದ ಜೀವ ಬಂದಂತಾಯಿತು.

ಚಿತ್ರವೊಂದನ್ನೇ ನಂಬುವಂತಿರಲಿಲ್ಲ. ಮುಪ್ಪಿನಲ್ಲಿ ಮೆದುಳು ಕುಗ್ಗಿದರೂ ಕೋಣೆಗಳು ದೊಡ್ಡದಾಗಿ ಕಾಣುತ್ತವಂತೆ. ಅದಕ್ಕಾಗಿ ಸೊಂಟದ ಹತ್ತಿರ ಬೆನ್ನಿಗೆ ಸೂಜಿ ಹಾಕಿ ಸ್ವಲ್ಪ ನೀರು ತೆಗೆದು, ನಡಿಗೆ ಸುಧಾರಿಸುತ್ತದೆಯೇ ಎಂದು ನೋಡುವ ಪರೀಕ್ಷೆ. ಮೊದಲು ಹತ್ತು ಮೀಟರ್ ನಡೆದಾಗ ಮೂವತ್ತನಾಲ್ಕು ಸೆಕೆಂಡು, ನಲವತ್ತಮೂರು ಹೆಜ್ಜೆ. ಸ್ಟಾಪ್‌ವಾಚ್ ಹಿಡಿದಿದ್ದ ಫಿಸಿಯೋಥೆರಪಿಯ ಹುಡುಗಿ ತನ್ವಿಗೆ, ಅದನ್ನು ಹೆಬ್ಬೆರಳಿನಲ್ಲಿ ಒತ್ತಬಾರದು, ತೋರುಬೆರಳಿನಲ್ಲಿ ಒತ್ತಬೇಕು ಎಂದು ಟೀಚರು ಪಾಠ ಮಾಡಿದರು. ನೀರು ತೆಗೆದ ಮೂರು ಗಂಟೆಯ ಬಳಿಕ ಹತ್ತೊಂಬತ್ತು ಸೆಕೆಂಡು, ಇಪ್ಪತ್ತೈದು ಹೆಜ್ಜೆ. ತನ್ವಿ ತಪ್ಪು ಎಣಿಸಿದ್ದಾಳೆಂದು ಇನ್ನೊಮ್ಮೆ ನಡೆದರು. ಇಪ್ಪತ್ತನಾಲ್ಕೇ ಆಯಿತು. ಆಗ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಎರಡು ದಿನದಲ್ಲಿ ಕಾಲು ಮತ್ತೆ ಅಂಟತೊಡಗಿತು. ಉಳಿದದ್ದು ಆಪರೇಷನ್. ಮೆದುಳಿನ ಕೋಣೆಯಿಂದ ಒಂದು ಸಣ್ಣ ನಳಿಗೆ, ಕಿವಿಯ ಹಿಂದೆ ಚರ್ಮದಡಿ ಇಳಿದು ಹೊಟ್ಟೆಯೊಳಗೆ ಹೋಗುತ್ತದೆ. ಅದಕ್ಕೆ ಶಂಟ್ ಎಂದು ಹೆಸರು. ನಡುವೆ ಒಂದು ವಾಲ್ವ್, ನೀರು ಎಷ್ಟು ಹರಿಯಬೇಕೆಂದು ಹೊರಗಿನಿಂದಲೇ ಅಯಸ್ಕಾಂತದ ಉಪಕರಣದಲ್ಲಿ ಬದಲಿಸಬಹುದು. ಸೋಂಕು ತಗಲಬಹುದು, ನಳಿಗೆ ಕಟ್ಟಿಕೊಳ್ಳಬಹುದು ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಟೀಚರು ಕೇಳಿದ್ದು ಒಂದೇ ಪ್ರಶ್ನೆ: ಕೂದಲು ಎಷ್ಟು ಬೋಳಿಸುತ್ತೀರಿ?

ಆಪರೇಷನ್ ಆದ ಮೊದಲ ವಾರ ಎದ್ದು ನಿಂತರೆ ತಲೆನೋವು, ಮಲಗಿದರೆ ಇಲ್ಲ. ನೀರು ಹೆಚ್ಚು ಹರಿಯುತ್ತಿದೆಯೆಂದು ಡಾಕ್ಟರು ವಾಲ್ವನ್ನು ಒಂದಿಷ್ಟು ಬಿಗಿ ಮಾಡಿದರು. ಲೂಯಿಸ್ ಆ ಉಪಕರಣ ಮನೆಗೆ ಸಿಗುತ್ತದಾ, ಬಾಯಿಗೂ ಹೊಂದುತ್ತದಾ ಎಂದು ವಿಚಾರಿಸಿದರು. ಈಗ ನಡಿಗೆ ಬಹಳ ಮಟ್ಟಿಗೆ ಮರಳಿದೆ, ಮೂತ್ರದ ಗಡಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಮರೆವು ಮಾತ್ರ ಪೂರ್ತಿ ಹೋಗಿಲ್ಲ. ನನ್ನನ್ನು ಮೂರನೆಯ ಸಲ ನೋಡಿದಾಗ ಹೆಸರು ನೆನಪಾಯಿತು.

ಹೊಸ ತೊಂದರೆ ಬೇರೆ. ಈಗ ಅವರು ಕಂಡವರ ಕಾಲನ್ನೆಲ್ಲ ಪರೀಕ್ಷಿಸುತ್ತಾರೆ. ಕಳೆದ ತಪಾಸಣೆಗೆ ಹೋದಾಗ ಕಾಪುವಿನ ಚೆನ್ನಪ್ಪ ಎಂಬ ಹಿರಿಯ ಬೋಟ್ ಚಾಲಕರು ಕಾಲೆಳೆಯುತ್ತ ಬಂದು ಪಕ್ಕದಲ್ಲಿ ಕುಳಿತರು. "ಮೂತ್ರ ತಡೆಯಲು ಆಗ್ತದಾ ನಿಮಗೆ?" ಎಂದು ಟೀಚರು ಎಲ್ಲರಿಗೂ ಕೇಳುವಂತೆ ಕೇಳಿದರು. ಚೆನ್ನಪ್ಪರು ಛಾವಣಿ ನೋಡಿದರು. ಇಲ್ಲವೆಂದು ಅವರ ಹೆಂಡತಿ ಮೆಲ್ಲಗೆ ಹೇಳಿದರು, ಒಳಗೆ ಹೋಗಿ ಡಾಕ್ಟರಿಗೂ ಹೇಳಿದರು.

ಚೆನ್ನಪ್ಪರದು ತಲೆಯ ನೀರಲ್ಲ, ಪಾರ್ಕಿನ್ಸನ್ ಎಂದಾಯಿತು, ಮಾತ್ರೆ ಶುರುವಾಗಿದೆ, ಗುಣ ಕಾಣುತ್ತಿದೆಯಂತೆ. ಟೀಚರಿಗೆ ಸಂತೋಷವೇ, ಆದರೆ ಸ್ವಲ್ಪ ನಿರಾಶೆಯೂ ಆಗಿದೆ.