ಫೆಲೇತಿಯ ಹಸಿರು ಮುಖ

ಲೋಸಲೀನೆ ಕೂತಲ್ಲಿ ಕೂರುವವಳಲ್ಲ. ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತಿದ್ದರೂ ಅವಳ ಬಲಗಾಲು ಬೆಂಚಿನ ಕೆಳಗೆ ಅಲ್ಲಾಡುತ್ತಲೇ ಇರುತ್ತದೆ. ನಮ್ಮ ವವಾಉ ದ್ವೀಪದ ನೆಯಾಫು ಪಟ್ಟಣದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಟೈಪಿಸ್ಟ್ ಆಗಿದ್ದಳು. ನಿವೃತ್ತಿಯಾದ ಮೇಲೆ ಮುಂದಿನ ಕೋಣೆಯಲ್ಲಿ ಕಂಪ್ಯೂಟರು, ಪ್ರಿಂಟರು ಇಟ್ಟುಕೊಂಡು ಊರಿನ ಸಾವುಗಳಿಗೆ ಹಾಳೆ ಮಾಡಿಕೊಡುತ್ತಾಳೆ. ಮೇಲೆ ಸತ್ತವರ ಫೋಟೋ, ಒಳಗೆ ಹಾಡಬೇಕಾದ ಕೀರ್ತನೆಗಳು, ಹಿಂಬದಿಗೆ ಮನೆಯವರ ಹೆಸರು. ಮಣ್ಣಿಗೆ ಬಂದವರು ಅದನ್ನು ಒಯ್ದು ಬೈಬಲಿನೊಳಗೆ ಇಟ್ಟುಕೊಳ್ಳುತ್ತಾರೆ.

ಮೂರು ವರ್ಷದ ಹಿಂದೆ ತನ್ನ ಗಂಡನ ಹಾಳೆಯನ್ನೂ ಅವಳೇ ಮಾಡಿದ್ದಳು. ಹುಟ್ಟಿದ ವರ್ಷ ತಪ್ಪಾಗಿತ್ತು. ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು, ತಾನಿಯೆಲ. ಊರಿನ ಅರ್ಧ ಬೈಬಲ್‌ಗಳಲ್ಲಿ ನನ್ನ ತಪ್ಪು ಕೂತಿದೆ," ಎಂದು ಒಮ್ಮೆ ಬೇಲಿಯಾಚೆಯಿಂದ ನನಗೆ ಹೇಳಿದ್ದಳು. ನಾನು ಪಕ್ಕದ ಮನೆಯವನು, ಬಾಡಿಗೆ ವ್ಯಾನು ಓಡಿಸುವವನು.

ದ್ವೀಪದಿಂದ ದ್ವೀಪಕ್ಕೆ ಜನರನ್ನು ದಾಟಿಸುತ್ತಿದ್ದ ದೋಣಿಯ ಕಪ್ತಾನ ಫೆಲೇತಿ ತೀರಿಕೊಂಡ ವಾರದ ಮಾತಿದು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಣ್ಣು. ಶುಕ್ರವಾರ ಬೆಳಿಗ್ಗೆ ಲೋಸಲೀನೆಯ ಕೂಗು ಕೇಳಿ ಓಡಿಹೋದೆ. ಅವಳ ಕೈಯಲ್ಲೊಂದು ಹಾಳೆಯಿತ್ತು. ಅದರಲ್ಲಿ ಫೆಲೇತಿಯ ಮುಖ ಬಾಳೆಕಾಯಿಯ ಹಾಗೆ ಹಸಿರಾಗಿತ್ತು. ಒಳಪುಟದಲ್ಲಿ ಪ್ರತಿ ಕೀರ್ತನೆಯ ಕೊನೇ ಸಾಲೂ ಅರ್ಧಕ್ಕೆ ಕತ್ತರಿಸಿಹೋಗಿತ್ತು.

"ಮೊನ್ನೆ ಸರಿಯಾಗೇ ಇತ್ತು! ಇಂಕು ಬದಲಾಯಿಸ್ದೆ, ಪ್ರಿಂಟರಿನ ಮೂತಿ ಒರೆಸ್ದೆ, ನಲವತ್ತು ಹಾಳೆ ಹಾಳಾಯ್ತು."

ಅಷ್ಟರಲ್ಲಿ ಹೊರಗೆ ಕೋಲಿನ ಸದ್ದಾಯಿತು. ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ನಮ್ಮಲ್ಲಿ ಸಾವಿಗೆ ಉಡುವ ನಯವಾದ ಚಾಪೆ ಸುತ್ತಿಕೊಂಡು ಕಲೋಲೈನೆ ಒಳಗೆ ಬಂದರು. ಫೆಲೇತಿಯ ಸೋದರತ್ತೆ, ಎಂಬತ್ತನಾಲ್ಕು ವರ್ಷ. ನಮ್ಮಲ್ಲಿ ಸಾವಿನ ಮನೆಯಲ್ಲಿ ಸೋದರತ್ತೆಯ ಮಾತು ಮೀರುವಂತಿಲ್ಲ. ಲೋಸಲೀನೆ ಹಾಳೆಯನ್ನು ಬೆನ್ನ ಹಿಂದೆ ಮರೆಮಾಡಿದಳು.

"ಏನೇ ಅದು? ಕೊಡಿಲ್ಲಿ."

ಮುದುಕಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಮೊದಲನೇ ಸಲ ದೋಣಿ ಹತ್ತಿದಾಗ ಇವನು ಹೀಗೇ ಆಗಿದ್ದ," ಎಂದರು. "ಏಳು ವರ್ಷದವನು, ನನ್ನ ಮಡಿಲಲ್ಲೆಲ್ಲ ವಾಂತಿ ಮಾಡಿದ." ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, "ಆದ್ರೆ ಕಪ್ತಾನನ್ನ ಹಸಿರಾಗಿ ಮಣ್ಣು ಮಾಡಕ್ಕಾಗಲ್ಲ. ಸರಿಮಾಡು. ಇಲ್ಲೇ ಕೂತಿರ್ತೀನಿ," ಎಂದರು.

ಅವರು ಕೂತಮೇಲೆ ಲೋಸಲೀನೆಯ ಚಡಪಡಿಕೆ ಇಮ್ಮಡಿಯಾಯಿತು. ಕಂಪ್ಯೂಟರಿನ ಮುಂದೆ ಕೂರುವಳು, ಏಳುವಳು, ಕಿಟಕಿಗೆ ಹೋಗುವಳು, ಮತ್ತೆ ಕೂರುವಳು. ಪ್ರಿಂಟರಿನ ವಿವರ ತೆರೆದು ಒಂದೊಂದೇ ಸಾಲು ಓದಿ ಕೊನೆಗೆ ಬೆರಳಿಟ್ಟು ತೋರಿಸಿದಳು.

"ನೋಡು, ತಾರೀಖು ನಿನ್ನೇದು. ಡ್ರೈವರನ್ನ ಬದಲಾಯಿಸ್ಬಿಡ್ಬೇಕು!"

"ನಾನೇನಕ್ಕ ಮಾಡಿದೆ?"

"ನಿನ್ನನ್ನಲ್ವೋ! ಕಂಪ್ಯೂಟರಿನ ಮಾತನ್ನ ಪ್ರಿಂಟರಿಗೆ ತಿಳಿಸೋ ಡ್ರೈವರು. ಇದು ನಿನ್ನೆ ಇಂಟರ್ನೆಟ್ಟಿಂದ ತಾನೇ ಇನ್ನೊಂದನ್ನ ತಂದು ಹಾಕ್ಕೊಂಡಿದೆ. ಎಲ್ಲ ಪ್ರಿಂಟರಿಗೂ ಆಗೋವಂಥದ್ದಂತೆ. ನನ್ನದಕ್ಕೆ ಆಗ್ತಿಲ್ಲ."

ಹಳೆಯ ಡ್ರೈವರು ಪ್ರಿಂಟರಿನ ಜೊತೆಗೆ ಬಂದ ಡಿಸ್ಕಿನಲ್ಲಿತ್ತು. ಡಿಸ್ಕು ಅಲಮಾರಿನಲ್ಲಿ ಸಿಕ್ಕಿತು. ಆದರೆ ಅದನ್ನು ಹಾಕಲು ಅವಳ ಹೊಸ ಕಂಪ್ಯೂಟರಿನಲ್ಲಿ ಕಿಂಡಿಯೇ ಇರಲಿಲ್ಲ. ಕಲೋಲೈನೆ ಅತ್ತೆಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆ, ಗೆಣಸು ಕೊಟ್ಟು ನಾವಿಬ್ಬರೂ ವ್ಯಾನು ಹತ್ತಿದೆವು. ಶಾಲೆಯ ಕಂಪ್ಯೂಟರುಗಳಲ್ಲೂ ಕಿಂಡಿ ಇರಲಿಲ್ಲ. ಬಂದರಿನ ಅಂಗಡಿಯವನು ನಕ್ಕು, "ಡಿಸ್ಕಾ? ನಮ್ಮಪ್ಪನ್ನ ಕೇಳ್ಬೇಕು," ಎಂದ. ಲೋಸಲೀನೆ ವ್ಯಾನಿನ ಬಾಗಿಲು ಬಡಿದ ರಭಸಕ್ಕೆ ಅದರ ಹಿಡಿಯೇ ಕಿತ್ತು ಬಂತು.

ಕೊನೆಗೆ ಗುಡ್ಡದ ಮೇಲಿನ ಚರ್ಚಿನ ಕಚೇರಿಯಲ್ಲಿ, ಮೇಜುಬಟ್ಟೆ ಹೊದಿಸಿಟ್ಟ ಮುದಿ ಯಂತ್ರವೊಂದು ಸಿಕ್ಕಿತು. ಅದರ ಕಿಂಡಿ ತೆರೆಯಲೊಲ್ಲದು. ಲೋಸಲೀನೆ ತಲೆಯಿಂದ ಪಿನ್ನು ಕಿತ್ತು, ನೇರ ಮಾಡಿ, ಪಕ್ಕದ ಸಣ್ಣ ತೂತಿಗೆ ಚುಚ್ಚಿದಳು. ಡಿಸ್ಕು ಇಡುವ ತಟ್ಟೆ ಹೊರಗೆ ಬಂತು. ಡಿಸ್ಕಿನಲ್ಲಿದ್ದುದೆಲ್ಲ ಪೆನ್ ಡ್ರೈವಿಗೆ ಇಳಿಯುವಷ್ಟು ಹೊತ್ತೂ ಅವಳು ಜಡೆ ಬಿಚ್ಚಿಕೊಂಡೇ ಕೋಣೆಯಲ್ಲಿ ಸುತ್ತುತ್ತಿದ್ದಳು.

ಮನೆಗೆ ಬಂದು ಹಳೆಯ ಡ್ರೈವರು ಹಾಕಿದಳು. ಒಂದು ಹಾಳೆ ತೆಗೆದರೆ ಫೆಲೇತಿ ತನ್ನ ಕಂದುಬಣ್ಣಕ್ಕೆ ಮರಳಿದ್ದ. ಅತ್ತೆ ತಲೆದೂಗಿದರು. ಕಂಪ್ಯೂಟರು ಒಮ್ಮೆ ಆರಿಸಿ ಹಚ್ಚಲು ಕೇಳಿತು, ಹಾಗೇ ಮಾಡಿದಳು. ಮತ್ತೊಂದು ಹಾಳೆ ಬಂತು: ಹಸಿರು.

ಲೋಸಲೀನೆ ಅದನ್ನು ಹಾಳಾದ ಹಾಳೆಗಳ ರಾಶಿಗೆ ಹಾಕಿದಳು.

"ಯಂತ್ರಕ್ಕೆ ನಿನಗಿಂತ ಜಾಸ್ತಿ ಗೊತ್ತಂತಾ?" ಅತ್ತೆ ಕೇಳಿದರು.

"ಹಾಗಂದ್ಕೊಂಡಿದೆ, ಅತ್ತೆ. ನಾನು ತೆಗೆದದ್ದನ್ನ ಹೋಗಿ ಮತ್ತೆ ತಂದುಕೊಂಡಿದೆ."

"ತರೋ ದಾರಿ ಮುಚ್ಚು ಮತ್ತೆ."

ಲೋಸಲೀನೆ ಎದ್ದು ಗೋಡೆಯಿಂದ ಇಂಟರ್ನೆಟ್ ಕೇಬಲ್ ಕಿತ್ತಳು. ಪ್ರಿಂಟರಿನ ಕೇಬಲನ್ನೂ ಎಳೆದುಹಾಕಿದಳು. ಪ್ರಿಂಟರನ್ನು ಪಟ್ಟಿಯಿಂದ ತೆಗೆಯುವಾಗ, ಡ್ರೈವರನ್ನೂ ಅಳಿಸು ಎಂಬ ಚೌಕಕ್ಕೆ ಗುರುತು ಹಾಕಿದಳು. ಮೊದಲ ಸಲ ಅವಸರದಲ್ಲಿ ಅದನ್ನು ಬಿಟ್ಟಿದ್ದಳಂತೆ. ಆಮೇಲೆ ಹಳೆಯ ಡ್ರೈವರು ಹಾಕಿ, ಈಗ ಜೋಡಿಸು ಎಂದು ಪರದೆ ಕೇಳಿದ ಮೇಲೆಯೇ ಪ್ರಿಂಟರನ್ನು ಜೋಡಿಸಿದಳು. ಹೊಸ ಡ್ರೈವರುಗಳನ್ನು ತಾನಾಗಿ ತರಬೇಡ ಎಂದು ಕಂಪ್ಯೂಟರಿಗೆ ಕಟ್ಟಪ್ಪಣೆ ಮಾಡುವ ಜಾಗ ಹುಡುಕಿ, ಅಲ್ಲೂ ಬೇಡ ಎಂದು ಒತ್ತಿದಳು. ಆರಿಸಿದಳು, ಹಚ್ಚಿದಳು. ಇಂಟರ್ನೆಟ್ ಕೇಬಲ್ ಮತ್ತೆ ಸಿಕ್ಕಿಸಿ ಇನ್ನೊಮ್ಮೆ ಆರಿಸಿ ಹಚ್ಚಿದಳು. ಎರಡು ಸಲವೂ ಕಂದುಬಣ್ಣವೇ ಬಂತು. ಕೀರ್ತನೆಗಳ ಕೊನೇ ಸಾಲೂ ಪೂರ್ತಿಯಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮುನ್ನೂರು ಹಾಳೆ ಮುಗಿದವು. ನಾನು ಮಡಿಸಿದೆ. ಲೋಸಲೀನೆ ಒಂದೊಂದನ್ನೂ ಬಿಚ್ಚಿ ನೋಡಿ ಮತ್ತೆ ಮಡಿಸಿದಳು.

"ಎಲ್ಲಾ ಒಂದೇ ಥರ ಇವೆ, ಅಕ್ಕ."

"ನೀನು ಸುಮ್ನೆ ಮಡಿಸು."

ಮರುದಿನ ಸ್ಮಶಾನದಲ್ಲಿ ಅರ್ಧ ವವಾಉ ನೆರೆದಿತ್ತು. ಫೆಲೇತಿಯ ದೋಣಿ ಹತ್ತದವರು ನಮ್ಮಲ್ಲಿ ಯಾರಿದ್ದಾರೆ? ಜನ ಹಾಳೆ ಹಿಡಿದು ಕೊನೇ ಸಾಲಿನವರೆಗೂ ಗಟ್ಟಿಯಾಗಿ ಹಾಡಿದರು. ಲೋಸಲೀನೆ ಮಾತ್ರ ಹಾಡಲಿಲ್ಲ. ಗುಂಪಿನ ಹಿಂದೆ ಅತ್ತಿತ್ತ ಓಡಾಡುತ್ತ ಜನರ ಹೆಗಲ ಮೇಲಿಂದ ಹಾಳೆಗಳನ್ನು ಇಣುಕುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅತ್ತೆ ಮತ್ತೆ ಬಂದರು. ಕೈಚೀಲದಿಂದ ಹಳೆಯ ಫೋಟೋವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಬಂದರಿನ ಕಟ್ಟೆಯ ಮೇಲೆ, ಗಾಳಿಗೆ ಕೂದಲು ಹಾರುತ್ತ ನಿಂತ ಹೆಂಗಸು.

"ನನ್ನದನ್ನೂ ಮಾಡಿಟ್ಬಿಡು. ಯಂತ್ರ ಹೇಳಿದ ಮಾತು ಕೇಳ್ತಿರೋವಾಗ್ಲೇ."

"ಅಯ್ಯೋ, ಏನ್ ಮಾತಾಡ್ತೀರಿ ಅತ್ತೆ! ಇದ್ರಲ್ಲಿ ನಿಮಗೆ ಮೂವತ್ತೂ ಆಗಿಲ್ಲ."

"ಅದಕ್ಕೇನೀಗ? ನಾನೇ ತಾನೆ ಅದು."

ಲೋಸಲೀನೆ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಅವಳು ಕುರ್ಚಿ ಎಳೆದುಕೊಂಡು, "ಕೀರ್ತನೆ ಯಾವುದು, ಹೇಳಿ," ಎಂದು ಟೈಪು ಮಾಡತೊಡಗಿದಳು.